ಕೋಳಿಗಳಿಗೆ ಬೇಕಾದ ಬೈಗುಳ

ನನ್ನ ತಮ್ಮನ ಹೆಂಡತಿ ಕೋಳಿ ಸಾಕುತ್ತಾಳೆ. ಸಾಕಲಿ, ಬೇಡ ಎಂದವರು ಯಾರು? ತನ್ನ ಕೋಳಿ ಕೂಗದಿದ್ದರೆ ಊರಿಗೇ ಬೆಳಗಾಗದು ಎಂದು ನಂಬಿದ್ದ ಮುದುಕಿಗಾದರೂ ಒಂದು ಹುಂಜವಿತ್ತು. ಇವಳದ್ದು ಬರೀ ಹೇಂಟೆಗಳು, ಅವೂ ಮನಸ್ಸು ಬಂದರೆ ಮೊಟ್ಟೆ ಇಡುವ ಜಾತಿ. ಅಷ್ಟಕ್ಕೇ ಹಿತ್ತಿಲಲ್ಲಿ ಅವುಗಳಿಗೊಂದು ಮರದ ಗೂಡು, ಗೂಡಿಗೆ ಹಸಿರು ಬಣ್ಣ, ಒಂದೊಂದಕ್ಕೂ ಒಂದೊಂದು ಹೆಸರು. ಕತ್ತಿನ ಮೇಲೆ ಪುಕ್ಕವೇ ಇಲ್ಲದ ಒಂದು ಕುರೂಪಿಯನ್ನು ಅವಳು ಕರೆಯುವುದು ರಾಣಿ ಎಂದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವಳಿಗೆ ಹೆರುವ ಕಷ್ಟವೂ ಇಲ್ಲದೆ ಮುದ್ದು.

ನಾನಿರುವುದು ಪಕ್ಕದಲ್ಲೇ. ಅಪ್ಪ ಕಟ್ಟಿಸಿದ ಮನೆಗೆ ಅಪ್ಪ ಹೋದ ಮೇಲೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡೆವು. ಆ ಕಡೆ ತಮ್ಮ ಮತ್ತು ಅವನ ಹೆಂಡತಿ, ಈ ಕಡೆ ನಾನೊಬ್ಬಳೇ. ಮದುವೆಯೆಂಬ ಬಾವಿಗೆ ನಾನು ಬೀಳಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದೆ. ಈ ಊರಿನವರಿಗೆ ಆ ಊರಿನ ಲೈನ್ ಕೊಟ್ಟು ಕೊಟ್ಟು ಆಯುಷ್ಯ ಕಳೆದವಳಿಗೆ, ಯಾವ ಗಂಡ ಹೆಂಡತಿ ಚೆನ್ನಾಗಿದ್ದಾರೆ, ಯಾರದು ಹಳಸಿದೆ ಎಂದು ತಿಳಿಯಲು ಮಾತು ಬೇಕಿಲ್ಲ, ಧ್ವನಿ ಸಾಕು. ಲೈನ್ ಕೊಟ್ಟ ಮೇಲೆ ಆಪರೇಟರು ಕಿವಿ ತೆಗೆಯಬೇಕು ಎಂಬ ನಿಯಮವಿತ್ತು. ನಿಯಮಗಳು ಇರುತ್ತವೆ.

ಇಂಥ ಕಿವಿಗೆ ದೇವರು ದಿನಾ ಸಂಜೆ ಕೊಟ್ಟ ಕೆಲಸವೆಂದರೆ ತಮ್ಮನ ಸಂಸಾರ. ಬೆಳಕು ಮಂಕಾಗುತ್ತಿದ್ದಂತೆ ಅವಳು ಹಿತ್ತಿಲಿಗೆ ಬಂದು ನಿಲ್ಲುತ್ತಿದ್ದಳು. ತಮ್ಮ ಅಂಗಡಿಯಿಂದ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಅವನು ಗಡಿಯಾರ ರಿಪೇರಿ ಮಾಡುವವನು. ದಿನವಿಡೀ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಟಿಕ್ ಟಿಕ್ ಕೇಳುವವನಿಗೆ ಮಾತು ಮರೆತೇ ಹೋಗಿದೆ. ಯಾರು ಏನೇ ಅಂದರೂ ‘ಹೂಂ’. ಬೀದಿಯವರು ಅವನನ್ನು ಹೂಂ ಸಾಹೇಬ ಎನ್ನುತ್ತಾರೆ. ಇವಳು ಶುರು ಮಾಡುತ್ತಿದ್ದಳು: “ಸೋಪು ತನ್ನಿ ಅಂದ್ರೆ ಏನ್ ತಂದ್ರಿ? ತಲೆ ಒಳಗೆ ಇರೋದೇನು, ಮುಳ್ಳಾ, ಸ್ಪ್ರಿಂಗಾ?” ಅವನು, “ಹೂಂ.” “ಊರೋರ ಗಡಿಯಾರ ಎಲ್ಲಾ ಸರಿ ಮಾಡ್ತೀರಿ, ನಮ್ಮನೆ ಗಡಿಯಾರ ನಿಂತು ಎಷ್ಟು ಕಾಲ ಆಯ್ತು?” “ಹೂಂ.” ಹೀಗೇ ಏರಿ, ಏರಿ, ಆಮೇಲೆ ಥಟ್ಟನೆ ನಿಂತು, ಚಿಲಕದ ಸದ್ದು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಹೇಳಿದ ಮಹಾನುಭಾವರು ಯಾರೋ, ಅವರು ನನ್ನ ಗೋಡೆಯ ಪಕ್ಕ ಒಂದು ಸಂಜೆಯೂ ಕೂತವರಲ್ಲ. ನಾನು ನನ್ನ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ, ಬದುಕಿಕೊಂಡೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ತಮ್ಮನ ಬಗ್ಗೆ ಮಾತ್ರ ಸಂಕಟ. ಅಮ್ಮ ಬೇಗ ಹೋದಳು, ಅವನನ್ನು ಎತ್ತಿ ಆಡಿಸಿದವಳು ನಾನು. ಆ ಬಾಯಿಗೆ ಅವನನ್ನು ಕೊಡಲು ಬೆಳೆಸಿರಲಿಲ್ಲ.

ಅವರ ಮಗ ಬೇರೆ ಊರಿನಲ್ಲಿದ್ದಾನೆ. ಹೋದ ಸಲ ಹೆಂಡತಿ ಮಗು ಕರೆದುಕೊಂಡು ಬಂದವನು ಸಂಜೆಯ ಈ ಆಟ ಕೇಳಿ ಕೆಂಡವಾದ. ಮಗು ಬೆಚ್ಚಿಬಿದ್ದು ಅತ್ತಿತ್ತು. ನನ್ನೆದುರಿಗೇ ತಾಯಿತಂದೆಯನ್ನು ಕೂರಿಸಿಕೊಂಡು ತೀರ್ಪು ಕೊಟ್ಟ:

“ಸಮುದ್ರದ ಹತ್ತಿರ ರೂಮ್ ಮಾಡ್ತೀನಿ. ಎಲ್ಲರೂ ಒಂದು ವಾರ ಹೋಗೋಣ. ಅಮ್ಮ, ಆ ವಾರದಲ್ಲಿ ನೀನು ಒಂದೇ ಒಂದು ಸಲ ಅಪ್ಪನ ಮೇಲೆ ಧ್ವನಿ ಏರಿಸ್ಬಾರ್ದು. ಮಾತು ಕೊಡು. ಆಗ್ಲಿಲ್ವಾ, ನೀನು ನಮ್ಮ ಜೊತೆ ಬಂದ್ಬಿಡು, ಅಪ್ಪ ಅತ್ತೆ ಜೊತೆ ಇರ್ಲಿ. ಅವ್ರಿಗೂ ಈ ವಯಸ್ಸಲ್ಲಿ ಸ್ವಲ್ಪ ನೆಮ್ಮದಿ ಬೇಕು.”

ತಮ್ಮ “ಹೂಂ” ಎಂದ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಮಾತು ಕೊಟ್ಟಳು. ನಾನು ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದೆ, ಒಳಗೆ ಹಾಲು ಕುಡಿದಷ್ಟು ಸಂತೋಷ. ಆ ಬಾಯಿಗೆ ಒಂದು ವಾರ ಬೀಗವೇ? ಒಂದು ಊಟದ ಹೊತ್ತೂ ತಡೆಯದು. ಅವತ್ತೇ ನನ್ನ ಹಿಂದಿನ ಕೋಣೆಯ ಹಳೇ ಸಾಮಾನೆಲ್ಲ ಹೊರಗೆ ಹಾಕಿಸಿದೆ. ಮಂಚ ಇಟ್ಟೆ, ಹೊಸ ಹಾಸಿಗೆ, ನೀಲಿ ಹೊದಿಕೆ. ಅವನು ಕೂತು ಗಡಿಯಾರ ಬಿಚ್ಚಲೆಂದು ಕಿಟಕಿಯ ಬೆಳಕಿಗೆ ಒಂದು ಮೇಜು. ತಮ್ಮ ನನ್ನ ಮನೆಗೆ ಬರಬೇಕು, ನನ್ನ ಕೈ ಊಟ ಮಾಡಬೇಕು, ಅಷ್ಟೇ ನನಗೆ ಬೇಕಾಗಿದ್ದುದು. ಬೇರೆ ಏನನ್ನೂ ನಾನು ಯಾರಿಂದಲೂ ಕೇಳಿದವಳಲ್ಲ.

ಅಷ್ಟರಲ್ಲಿ ಈ ಕೋಳಿಗಳು ಅಡ್ಡ ಬಂದವು. ಹೊರಡುವ ದಿನ ಹತ್ತಿರವಾಗುತ್ತಿದ್ದಂತೆ ಅವಳು ರಾಗ ತೆಗೆದಳು: “ನಾನು ಬರಲ್ಲ. ನನ್ನ ಮಕ್ಕಳನ್ನ ಯಾರು ನೋಡ್ಕೋತಾರೆ?” ಮಗನಿದ್ದಾನೆ, ಸೊಸೆಯಿದ್ದಾಳೆ, ಮೊಮ್ಮಗುವಿದೆ, ಸಮುದ್ರವಿದೆ, ಇವಳಿಗೆ ಪುಕ್ಕದ ಚಿಂತೆ. ಸರಿ, ಜನ ಹುಡುಕುವುದು ಶುರುವಾಯಿತು. ಬೀದಿ ಕೊನೆಯ ಇಸ್ತ್ರಿಯವನನ್ನು ಕೇಳಿದರೆ, ಕೋಳಿ ಕಂಡರೆ ತನಗೆ ಮೈಯೆಲ್ಲ ತುರಿಕೆ ಎಂದ. ಅವನು ಮಧ್ಯಾಹ್ನ ಎದುರು ಹೋಟೆಲಿನಲ್ಲಿ ಏನು ತಿನ್ನುತ್ತಾನೆ ಎಂದು ನನಗೆ ಗೊತ್ತಿಲ್ಲವೇ? ತಿನ್ನುವಾಗ ಇಲ್ಲದ ತುರಿಕೆ. ಮಹಡಿ ಮನೆಯ ನಿವೃತ್ತ ಮೇಷ್ಟ್ರು ಸಂತೋಷವಾಗಿ ಒಪ್ಪಿ, ಗೂಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಕೋಳಿ ಸಾಕುವುದರಲ್ಲಿ ಇವಳು ಮಾಡುತ್ತಿರುವ ತಪ್ಪುಗಳನ್ನೆಲ್ಲ ವಿವರಿಸಿದರು. ಅವರು ಜೀವಮಾನದಲ್ಲಿ ಒಂದು ಗಿಣಿಗೂ ಕಾಳು ಹಾಕಿದವರಲ್ಲ. ಪಶು ಆಸ್ಪತ್ರೆಯ ಕಾಂಪೌಂಡರನಂತೂ ಬಲು ಉದಾರ. “ನೀವು ಆರಾಮಾಗಿ ಹೋಗ್ಬನ್ನಿ ಮೇಡಂ, ಎಲ್ಲಾ ನನಗೆ ಬಿಡಿ,” ಎಂದ. ಬಾಯಿ ಹಾಗೆಂದರೂ ಅವನ ಕಣ್ಣು ರಾಣಿಯ ತೊಡೆಯ ಮೇಲಿತ್ತು.

“ಆಯ್ತಲ್ಲ, ನಾನು ಬರಲ್ಲ. ನೀವೆಲ್ಲ ಹೋಗ್ಬನ್ನಿ,” ಎಂದು ಅವಳು ಚೀಲ ಬಿಚ್ಚತೊಡಗಿದಳು.

ಅವಳು ಹೋಗದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಫೇಲಾಗುವುದು ಹೇಗೆ? ಗೂಡಿನ ವಾಸನೆಗೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದ ನಾನು ಮುಂದೆ ಬಂದು, “ನಾನಿಲ್ವೇನೇ? ನಾನು ನೋಡ್ಕೋತೀನಿ ಬಿಡು,” ಎಂದೆ. ಅವಳು ನನ್ನನ್ನು ತಬ್ಬಿಕೊಂಡು, “ನೀವು ಅಕ್ಕ ಅಲ್ಲ, ನನ್ನ ತಾಯಿ,” ಎಂದು ನನ್ನ ಹೆಗಲು ಒದ್ದೆ ಮಾಡಿದಳು.

ಆಮೇಲೆ ಪಾಠ. ಕಾಳು ಎಷ್ಟು, ಸೊಪ್ಪು ಯಾವುದು, ನೀರಿನ ಬಟ್ಟಲನ್ನು ಹೇಗೆ ಉಜ್ಜಬೇಕು, ಯಾರು ಯಾರನ್ನು ಕುಕ್ಕುತ್ತಾರೆ. ರಾಜಕುಮಾರಿಯರ ಅಂತಃಪುರ ಒಪ್ಪಿಸುವವಳಂತೆ ಎಲ್ಲವನ್ನೂ ಹೇಳಿದಳು. ಕೊನೆಗೆ, “ರಾತ್ರಿದು ಏನೂ ತಾಪತ್ರಯ ಇಲ್ಲ ಅಕ್ಕ. ಕತ್ತಲಾಗ್ತಿದ್ದ ಹಾಗೆ ತಾವೇ ಒಳಗೆ ಹೋಗ್ತವೆ. ನೀವು ಚಿಲಕ ಹಾಕಿದ್ರೆ ಆಯ್ತು. ಚಿಲಕ ಮಾತ್ರ ಮರೀಬೇಡಿ, ಗೋಡೆ ಮೇಲೆ ಒಂದು ಗಂಡು ಬೆಕ್ಕು ಹೊಂಚು ಹಾಕ್ತಿರತ್ತೆ,” ಎಂದಳು. ತಮ್ಮನೂ “ಹೂಂ, ತಾವೇ ಹೋಗ್ತವೆ” ಎಂದ. ಅವನ ಮಟ್ಟಿಗೆ ಅದು ಭಾಷಣ.

ಅವರು ಹೊರಟು ಹೋದರು. ಸಂಜೆಯಾಯಿತು. ನಾನು ಗೂಡಿನ ಬಾಗಿಲು ತೆರೆದು, ಚಿಲಕ ಹಿಡಿದುಕೊಂಡು, ಈ ಮಹಾರಾಣಿಯರು ದಯಮಾಡಿಸಲಿ ಎಂದು ನಿಂತೆ. ಬಂದವು, ಬಾಗಿಲ ತನಕ ಬಂದವು. ಬಂದು ನಿಂತು, ಎಲ್ಲವೂ ಕತ್ತು ತಿರುಗಿಸಿ ಮನೆಯ ಹಿಂಬಾಗಿಲು ನೋಡತೊಡಗಿದವು. ನಾನು ಕಾಳು ತೋರಿಸಿದೆ. ಪೊರಕೆ ತೋರಿಸಿದೆ. ಬಗ್ಗಿ, ಸೊಂಟ ಹಿಡಿದುಕೊಂಡು, ಹಿಡಿಯಲು ಹೋದೆ. ಕೊನೆಗೆ ಬೆಳಕು ಪೂರಾ ಹೋಗುವ ಹೊತ್ತಿಗೆ ಒಂದೊಂದಾಗಿ ಪಟಪಟನೆ ಹಾರಿ ಸೀಬೆಮರ ಹತ್ತಿ ಕೂತವು. ಕೋಳಿಯಷ್ಟು ದಡ್ಡ ಪ್ರಾಣಿ ಇನ್ನೊಂದಿಲ್ಲ. ಬಣ್ಣ ಹಚ್ಚಿದ ಮನೆ ಬಿಟ್ಟು ಕೊಂಬೆ ಹಿಡಿದರೆ ಅದು ನಿಮ್ಮ ಹಣೆಬರಹ ಎಂದು ಬೈದು ಒಳಗೆ ಹೋದೆ.

ಬೆಳಿಗ್ಗೆ ಹಿತ್ತಿಲ ತುಂಬ ಪುಕ್ಕ. ರಾಣಿ ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಮುದುಡಿಕೊಂಡಿತ್ತು, ಬೆನ್ನಿನ ಮೇಲೆ ಹಲ್ಲಿನ ಗಾಯ. ಮೊದಲೇ ಕುರೂಪಿ, ಈಗ ಹಿಂದೆಯೂ ಮುಂದೆಯೂ ಬೋಳು. ಕಾಂಪೌಂಡರನನ್ನು ಕರೆಸಿದೆ. ಅವನು ನೀಲಿ ಔಷಧಿ ಬಳಿದು, “ಬದುಕ್ಬೋದು. ಬದುಕ್ದೆ ಇದ್ರೆ ನನಗೆ ಹೇಳಿ,” ಎಂದು ನಾಲಿಗೆ ಚಪ್ಪರಿಸಿದ. ಅವನನ್ನು ಓಡಿಸಿ, ರಾಣಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದು, ಬೇರೆ ಜಾಗ ಕಾಣದೆ ಹಿಂದಿನ ಕೋಣೆಯಲ್ಲಿ ಇಟ್ಟೆ. ಅದು ಬುಟ್ಟಿಯಿಂದ ಇಳಿದು, ತಮ್ಮನ ಮಂಚ ಹತ್ತಿ, ನೀಲಿ ಹೊದಿಕೆಯ ನಟ್ಟನಡುವೆ ಕೂತಿತು. ಇದೇ ನೋಡಿ ಕೋಳಿಯ ಸಂಸ್ಕಾರ.

ಈಗ ನನಗೆ ನಿಜವಾಗಿ ಭಯವಾಯಿತು. ಕೋಳಿಯ ಪ್ರಾಣದ ಭಯವಲ್ಲ. ಕೋಳಿ ಸತ್ತರೆ ತಮ್ಮನ ಮಗ ಏನನ್ನುತ್ತಾನೆಂದು ನನಗೆ ಕೇಳಿಸುತ್ತಿತ್ತು: ಒಂದು ವಾರ ಕೋಳಿ ನೋಡ್ಕೊಳ್ಳಕ್ಕಾಗದ ಅತ್ತೆ ಅಪ್ಪನ್ನ ಏನು ನೋಡ್ಕೋತಾರೆ? ನನ್ನ ತಮ್ಮನೂ ನನ್ನ ಕೋಣೆಯೂ ಆ ಹೇಂಟೆಗಳ ಪುಕ್ಕಕ್ಕೆ ನೇತುಬಿದ್ದಿದ್ದವು.

ಎರಡನೆಯ ಸಂಜೆ ಬೇಗನೆ ಹೋಗಿ ಸೀಬೆಮರಕ್ಕೆ ಬೆನ್ನು ಕೊಟ್ಟು, ಪೊರಕೆ ಹಿಡಿದು, ಕಾವಲು ನಿಂತೆ. ಗೋಡೆಯ ಮೇಲೆ ಆ ಗಂಡು ಬೆಕ್ಕು, ರುಚಿ ಕಂಡ ಅಳಿಯನಂತೆ, ಬಾಲ ಸುತ್ತಿಕೊಂಡು ಕೂತಿತ್ತು. ನಾನು ಅದನ್ನು ನೋಡುವಷ್ಟರಲ್ಲಿ ಈ ದರಿದ್ರಗಳು ಮರದ ಇನ್ನೊಂದು ಕಡೆಯಿಂದ ಕೊಂಬೆ ಸೇರಿದವು. ಆಗಲೇ ಫೋನ್ ಬಂತು. ಕೈಯಲ್ಲಿ ಪೊರಕೆಯಿದ್ದುದರಿಂದ ಸ್ಪೀಕರ್ ಹಾಕಿ ಒಗೆಯುವ ಕಲ್ಲಿನ ಮೇಲಿಟ್ಟೆ.

“ಅಕ್ಕ, ಹೇಗಿದೀರಿ? ಮಕ್ಕಳು ಹೇಗಿದಾರೆ?” ತಮ್ಮನ ಹೆಂಡತಿಯ ಧ್ವನಿ, ಆದರೆ ಜೇನಿನಲ್ಲಿ ಅದ್ದಿ ತೆಗೆದದ್ದು.

ಕೊಂಬೆಯ ಮೇಲೆ ಕೋಳಿಗಳೆಲ್ಲ ಒಟ್ಟಿಗೆ ಕತ್ತು ಎತ್ತಿದವು. ಒಂದು ಕೆಳಗಿನ ಕೊಂಬೆಗೆ ಹಾರಿತು. ಅವಳು ಅದೇ ಜೇನಿನಲ್ಲಿ ಸಮುದ್ರ, ಮರಳು, ಮಗುವಿನ ಟೋಪಿ ಎಂದು ಹೇಳುತ್ತ ಹೋದಳು. ಕೋಳಿ ಸ್ವಲ್ಪ ಹೊತ್ತು ಕೇಳಿ, ಇದು ಅದಲ್ಲ ಎಂಬಂತೆ ವಾಪಸು ಮೇಲೆ ಹೋಯಿತು.

ಎಕ್ಸ್‌ಚೇಂಜಿನಲ್ಲಿ ಕೂತ ತಲೆ ನನ್ನದು, ಥಟ್ಟನೆ ಹೊಳೆಯಿತು. ದಿನಾ ಬೆಳಕು ಮಂಕಾದಾಗ ಅವಳು ಚಿಲಕ ಹಿಡಿದು ನಿಂತು ಗಂಡನನ್ನು ಬೈಯುತ್ತಾಳೆ, ಬೈದು ಮುಗಿಯುವಷ್ಟರಲ್ಲಿ ಕೋಳಿಗಳು ಒಳಗಿರುತ್ತವೆ. ತಾವೇ ಹೋಗುತ್ತವೆ ಎಂದು ಈ ಬುದ್ಧಿವಂತರಿಬ್ಬರೂ ಇಷ್ಟು ಕಾಲ ನಂಬಿದ್ದಾರೆ! “ಸ್ವಲ್ಪ ಇರು,” ಎಂದು ಅವಳಿಗೆ ಹೇಳಿ, ನಾನೇ ಮರದ ಕೆಳಗೆ ನಿಂತು, ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದನ್ನು ಅವಳದೇ ರಾಗದಲ್ಲಿ ಒದರಿದೆ. “ಸೋಪು ತನ್ನಿ ಅಂದ್ರೆ ಏನ್ ತಂದ್ರಿ? ತಲೆ ಒಳಗೆ ಇರೋದೇನು, ಮುಳ್ಳಾ, ಸ್ಪ್ರಿಂಗಾ?” ಕೋಳಿಗಳು ಕೆಳಗಿನ ಕೊಂಬೆಗೆ ಬಂದವು. ಕಾದವು. ಇನ್ನಷ್ಟು ಬೈದೆ. ಮತ್ತೆ ಕಾದವು. ಏನೋ ಬರಬೇಕಿತ್ತು, ಬರಲಿಲ್ಲ. ಒಂದೊಂದಾಗಿ ಮೇಲೆ ಹೋದವು.

ಬೇಕಾಗಿದ್ದುದು ‘ಹೂಂ’. ಅದಿಲ್ಲದೆ ಬೈಗುಳ ಅರ್ಧವೇ. ಮೇಲೆ ಕೂತ ಹೇಂಟೆಗಳಿಗೂ ಅದು ಗೊತ್ತು.

“ಅಕ್ಕ, ಯಾರಿಗೆ ಬೈತಿದೀರಿ?” ಎಂದಳು ಅವಳು ಗಾಬರಿಯಾಗಿ.

“ನನಗೇನು ಬಂದಿದೆ ಬೈಯಕ್ಕೆ? ನೀನು ಬೈಬೇಕು. ನಿನ್ನ ಗಂಡನ್ನ ಫೋನ್ ಹತ್ರ ಕೂರಿಸ್ಕೊಂಡು, ದಿನಾ ಬೈತೀಯಲ್ಲ, ಹಾಗೇ ಬೈ. ಅದನ್ನ ಕೇಳಿಸ್ಕೊಳ್ದೆ ನಿನ್ನ ಕೋಳಿ ಗೂಡಿಗೆ ಹೋಗಲ್ಲ. ನಿನ್ನೆ ರಾತ್ರಿ ಮರದ ಮೇಲೇ ಇದ್ವು. ರಾಣಿಗೆ ಬೆಕ್ಕು ಬಾಯಿ ಹಾಕಿದೆ.”

ಹೇಳುವಾಗಲೇ ನನಗೆ ಲೆಕ್ಕ ಸಿಕ್ಕಿತ್ತು. ಅವಳು ಬೈದರೆ ಕೋಳಿ ಉಳಿಯುತ್ತವೆ, ನನ್ನ ಮರ್ಯಾದೆ ಉಳಿಯುತ್ತದೆ. ಬೈದರೆ ಮಗನೆದುರು ಕೊಟ್ಟ ಮಾತು ಮುರಿಯುತ್ತದೆ, ತಮ್ಮ ನನ್ನ ಮನೆಗೆ ಬರುತ್ತಾನೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಪೊರಕೆ ಕೆಳಗಿಟ್ಟು ಕಾದೆ.

ಆ ಕಡೆಯಿಂದ ಬಂದದ್ದು ಅಳು.

“ಆಗಲ್ಲ ಅಕ್ಕ. ಮಗ ಇಲ್ಲೇ ಕೂತಿದಾನೆ. ನಾನು ಧ್ವನಿ ಏರಿಸಿದ್ರೆ ಇವ್ರನ್ನ ಬಿಟ್ಟಿರ್ಬೇಕಾಗತ್ತೆ. ಹೋದ್ರೆ ಹೋಗ್ಲಿ ಕೋಳಿ. ಎಲ್ಲಾ ಹೋಗ್ಲಿ.”

ಕೋಳಿಗಾಗಿ ಸಮುದ್ರ ಬೇಡ, ಮೊಮ್ಮಗು ಬೇಡ ಎಂದು ಚೀಲ ಬಿಚ್ಚಿದವಳು ಇವಳೇ. ನನಗೆ ಅದು ಹಿಡಿಸಲಿಲ್ಲ. ಇವಳಿಗೆ ಯಾವುದು ಎಷ್ಟು ಎಂದು ನಾನು ತೂಗಿಟ್ಟಿದ್ದ ತಕ್ಕಡಿ ತಪ್ಪಾಗುವುದು ನನಗೆ ಬೇಕಿರಲಿಲ್ಲ. “ಅಳ್ಬೇಡ್ವೇ,” ಎಂದು ಗದರಿದೆ. ಅಷ್ಟರಲ್ಲಿ ಫೋನಿನಲ್ಲಿ ಇನ್ನೊಂದು ಧ್ವನಿ ಬಂತು. ಯಾರದೆಂದು ಮೊದಲು ಗೊತ್ತೇ ಆಗಲಿಲ್ಲ. ಅಷ್ಟುದ್ದದ ಮಾತನ್ನು ಆ ಬಾಯಿಂದ ನಾನು ಕೇಳಿಯೇ ಇರಲಿಲ್ಲ.

“ಬೈಯೇ,” ಎಂದ ನನ್ನ ತಮ್ಮ. “ಬೈದ್ಬಿಡು. ನಿನ್ನೆಯಿಂದ ನೀನು ಹೀಗೆ ಮೆತ್ತಗೆ ಮಾತಾಡ್ತಿದ್ರೆ ನನಗೆ ಯಾರದೋ ಮನೇಲಿ ನೆಂಟನಾಗಿ ಕೂತ ಹಾಗಿದೆ. ನಿದ್ದೆ ಇಲ್ಲ, ಊಟ ಸೇರ್ತಿಲ್ಲ. ಮಗನಿಗೆ ನಾನು ಹೇಳ್ತೀನಿ. ಬೈ.”

ಅವಳು ಮೂಗು ಸೀಟಿಕೊಂಡಳು. “ಏನಂತ ಬೈಲಿ ಈಗ?”

“ಚಪ್ಪಲಿ ಸಮುದ್ರಕ್ಕೆ ಬಿಟ್ಟೆನಲ್ಲ, ಅದಕ್ಕೇ ಬೈ.”

“ಅದಾ!” ಎಂದಳು. ಜೇನು ಹರಿದು ಹೋಯಿತು, ಕಟ್ಟೆ ಒಡೆಯಿತು. “ಕಾಲಲ್ಲಿರೋ ಚಪ್ಪಲಿ ನೋಡ್ಕೊಳ್ಳಕ್ಕಾಗಲ್ಲ ನಿಮಗೆ! ಅಲೆ ಬರತ್ತೆ ಅಂದೆ, ಬರತ್ತೆ ಅಂದೆ, ಕಂಬದ ಹಾಗೆ ನಿಂತಿದ್ರಿ!” “ಹೂಂ.” “ಒಂದು ಹೋಯ್ತು, ಸರಿ. ಇನ್ನೊಂದನ್ನ ಯಾಕ್ರೀ ಎಸೆದ್ರಿ?” “ಹೂಂ.” “ಜೋಡಿ ಇರ್ಲಿ ಅಂತನಾ? ಮೀನಿಗೆ ಹಾಕ್ಕೊಳ್ಳಕ್ಕಾ?” “ಹೂಂ.”

ಪಟ್ಟನೆ ಒಂದು ಕೋಳಿ ನೆಲಕ್ಕಿಳಿಯಿತು. ಅದರ ಹಿಂದೆ ಇನ್ನೊಂದು. ಬೈಗುಳ ಏರಿದಂತೆ ಸಾಲಾಗಿ ಬಂದು, ಬಾಗಿಲಲ್ಲಿ ಒಮ್ಮೆ ತಲೆ ತಗ್ಗಿಸಿ, ಒಳಗೆ ಹೋದವು. ಗೋಡೆಯ ಮೇಲಿನ ಬೆಕ್ಕು ಎದ್ದು, ಮೈ ಮುರಿದು, ಬೇರೆ ಕಡೆ ಹೋಯಿತು. ನಾನು ಚಿಲಕ ಹಾಕಿದೆ. ಆ ಸದ್ದು ಅವಳಿಗೂ ಕೇಳಿಸಿರಬೇಕು, ಬೈಗುಳ ಥಟ್ಟನೆ ನಿಂತಿತು.

ನಿಂತ ಮೇಲೆ ನಗು. ಅವನು ನಗುತ್ತಿದ್ದ, ಸಣ್ಣಗೆ, ಉಸಿರಿನೊಳಗೆ. ಆಮೇಲೆ ಅವಳೂ. ಅದು ಇವತ್ತು ಶುರುವಾದ ನಗುವಲ್ಲ. ಎಷ್ಟೋ ಸಂಜೆಗಳಿಂದ ಹೀಗೇ ಮುಗಿಸಿ ಅಭ್ಯಾಸವಾದ ನಗು. ಧ್ವನಿ ಕೇಳಿದರೆ ಸಾಕು ಎನ್ನುವವಳಲ್ಲವೇ ನಾನು? ಕೇಳಿತು. ಗೋಡೆ ದಾಟಿ ನನ್ನ ಕಡೆ ಬರುತ್ತಿದ್ದುದು ಜೋರು ಧ್ವನಿ ಮಾತ್ರ, ಈ ಸಣ್ಣದು ಆ ಕಡೆಯೇ ಉಳಿಯುತ್ತಿತ್ತು. ಉಂಡು ಮಲಗುವ ತನಕವೂ ಇಲ್ಲ, ಇವರದ್ದು ಕೋಳಿ ಮಲಗುವ ತನಕ.

ಮಗ ಫೋನ್ ತೆಗೆದುಕೊಂಡ. “ಅತ್ತೆ, ನಾನೇ ದಡ್ಡ. ಊರು ಬಿಟ್ಟಾಗಿಂದ ಅಪ್ಪ ನಗ್ತಿರೋದು ಇದೇ ಮೊದಲು. ಆ ಕರಾರು ಗಿರಾರು ಎಲ್ಲಾ ಬೇಡ, ಅವರು ಅವರ ಪಾಡಿಗೆ ಇರ್ಲಿ. ನಾಳೆಯೂ ಇದೇ ಹೊತ್ತಿಗೆ ಲೈನ್ ಕೊಡಿ, ಬೈಸ್ತೀನಿ.”

“ಕೊಡ್ತೀನಪ್ಪ,” ಎಂದೆ. ಲೈನ್ ಕೊಡುವುದಲ್ಲದೆ ನನಗೆ ಬೇರೆ ಏನು ಗೊತ್ತು?

ಮನೆಗೆ ಬಂದು ಹಿಂದಿನ ಕೋಣೆಯ ದೀಪ ಹಾಕಿದೆ. ಮೇಜು ಕಿಟಕಿಯ ಹತ್ತಿರ ಇಟ್ಟಲ್ಲೇ ಇತ್ತು. ರಾಣಿ ಮಂಚದ ಮೇಲೆ ಎದ್ದು ನಿಂತಿತ್ತು, ನೀಲಿ ಹೊದಿಕೆಯ ಮೇಲೆ ಮಾಡಬಾರದ್ದೆಲ್ಲ ಮಾಡಿ. ಬೆಳಕು ಹೋಗಿ ಎಷ್ಟು ಹೊತ್ತಾಗಿದ್ದರೂ ಕೂತಿರಲಿಲ್ಲ. ನನಗೆ ರೇಗಿತು. “ನಿನಗಂತ ಹಾಸಿದ್ದೇನೇ ಇದು? ನಾಚಿಕೆ ಇಲ್ದಿರೋಳೆ! ಯಾರಿಗೋಸ್ಕರ ಇಟ್ಟಿದ್ದು, ಯಾರು ಬಂದು ಕೂತಿದೀಯ! ಬರ್ಬೇಕಾದವ್ರು ಬರಲ್ಲ, ನೀನು ಮಾತ್ರ ಕರೀದೇ ಬಂದಿದೀಯ!” ಎಂದು ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಕಣ್ಣಲ್ಲಿ ನೀರು ಬಂತು. ಅದಕ್ಕೂ ಬೈದೆ.

ರಾಣಿ ಬೋಳು ಕತ್ತನ್ನು ಚಾಚಿ, ಬಾಗಿಲ ಕಡೆ ನೋಡುತ್ತ ಕಾಯುತ್ತಿತ್ತು. ನಾನೂ ಬಾಗಿಲ ಕಡೆ ನೋಡಿದೆ. ಈ ಮನೆಯಲ್ಲಿ ಯಾರಿದ್ದಾರೆ ಅನ್ನಲು?

“ಹೂಂ,” ಎಂದೆ ನಾನೇ.

ಕೋಳಿ ಕಾಲು ಮಡಚಿ ಕೂತು ಕಣ್ಣು ಮುಚ್ಚಿತು.